ಲಾಗ್ ಫೈಲ್ ದಿನಾ ಖಾಲಿ, ಎರರ್ ಕೂಡ ಇಲ್ಲ!

ಮಳೆಲೆಕ್ಕ (ಗೋಣಿಕೊಪ್ಪ):
ತಲೆ ಕೆಟ್ಟು ಹೋಗಿದೆ. ತೋಟದ ಮಳೆಮಾಪಕದ ಲೆಕ್ಕ ಫೈಲಿಗೆ ಬೀಳಲಿ ಅಂತ ಮಳೆಓದು ಅನ್ನುವ ಪ್ರೋಗ್ರಾಮ್ ಓಡಿಸಲು ಒಂದೇ ಸಾಲು ಹಾಕಿದ್ದೇನೆ:
ಮಳೆಓದು &> ಮಳೆ.ಲಾಗ್
ಬೆಳಿಗ್ಗೆ ನೋಡಿದರೆ ಫೈಲ್ ಇದೆ, ಒಳಗೆ ಸೊನ್ನೆ ಬೈಟ್. ನಾನೇ ಓಡಿಸಿದರೆ ಚೆನ್ನಾಗಿ ಬರುತ್ತದೆ. ಎರರ್ ಬಂದಿದ್ದರೂ ಅದೇ ಫೈಲಿಗೆ ಬೀಳಬೇಕಲ್ವಾ? &> ಅಂದರೆ ಔಟ್‌ಪುಟ್, ಎರರ್ ಎರಡೂ ತಾನೇ?

ಸಿಲ್ವರ್‌ಓಕ್ (ಸೋಮವಾರಪೇಟೆ):
ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ತಾನೇ? ಎಸ್‌ಡಿ ಕಾರ್ಡ್ ಹೋಗಿದೆ. ಕಕ್ಕಡದ ಜಡಿಮಳೆಯಲ್ಲಿ ಕರೆಂಟಿಗೆ ಹೋಗಿ ಬರುವುದೇ ಕೆಲಸ. ಬರೆಯುವಾಗ ಕಟ್ ಆದರೆ ಸೊನ್ನೆ ಬೈಟ್ ಉಳಿಯುತ್ತದೆ.

ಮಳೆಲೆಕ್ಕ:
ಯುಪಿಎಸ್ ಇದೆ. ಕರೆಂಟ್ ಹೋಗದ ರಾತ್ರಿಯೂ ಇದೇ ಕತೆ.

ಸಿಲ್ವರ್‌ಓಕ್:
ಯುಪಿಎಸ್ ನಂಬಬೇಡಿ. ನಮ್ಮ ಕಾಫಿ ಪಲ್ಪರ್ ಶೆಡ್ಡಿನಲ್ಲಿ 12 ವೋಲ್ಟ್ ಬ್ಯಾಟರಿ, ಮೇಲೆ ಸೋಲಾರ್, ಕಾರ್ಡ್ ಬದಲು ಎಸ್‌ಎಸ್‌ಡಿ. ಒಂದು ಫೈಲ್ ಹೋಗಿಲ್ಲ. ಮೊದಲು ಕಾರ್ಡ್ ಬದಲಾಯಿಸಿ.

ಮಳೆಲೆಕ್ಕ:
ಬದಲಾಯಿಸಿದೆ. ದುಡ್ಡು ದಂಡ.

ಕರಿಮೆಣಸು (ಮಡಿಕೇರಿ):
ರಾತ್ರಿ ಅಂದಿರಲ್ಲ, ಅದನ್ನು ಓಡಿಸುವುದು ಕ್ರಾನಾ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮ್)? ಮಳೆಓದು ಎಲ್ಲಿದೆ?

ಮಳೆಲೆಕ್ಕ:
ಕ್ರಾನ್ ಅಲ್ಲದೆ ಇನ್ಯಾರು, ನಾನು ನಿದ್ದೆಗೆಟ್ಟು ಕೂರಲಾ? ಹೋಮ್ ಒಳಗಿನ ಬಿನ್ ಫೋಲ್ಡರ್‌ನಲ್ಲಿದೆ.

ಕರಿಮೆಣಸು:
ಕಾರ್ಡ್ ಪಾಪ, ಅದರದ್ದೇನೂ ಇಲ್ಲ. ಕಮಾಂಡ್ ಓದಿ ನಡೆಸುವ ಪ್ರೋಗ್ರಾಮೇ ಶೆಲ್. ನೀವು ಟೈಪ್ ಮಾಡುವಾಗ ಇರುವುದು ಬ್ಯಾಶ್, ಪೈನಲ್ಲಿ ಕ್ರಾನ್ ಬಳಸುವುದು ಡ್ಯಾಶ್. ಅದಕ್ಕೆ &> ಗೊತ್ತಿಲ್ಲ. ಬಿಡಿಸಿ ಎರಡು ಕೆಲಸ ಅಂತ ಓದುತ್ತದೆ: ಮಳೆಓದು ಹಿನ್ನೆಲೆಯಲ್ಲಿ ಓಡಲಿ, ಮಳೆ.ಲಾಗ್ ಖಾಲಿಯಾಗಲಿ. ಎರಡನೆಯದು ತಪ್ಪದೆ ಆಗುತ್ತದೆ. ಮೊದಲನೆಯದು ಸಿಗುವುದೇ ಇಲ್ಲ, ಯಾಕೆಂದರೆ ಕ್ರಾನ್‌ನ ಪಾತ್‌ನಲ್ಲಿ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ನಿಮ್ಮ ಹೋಮ್ ಒಳಗಿನ ಬಿನ್ ಇಲ್ಲ. 'ನಾಟ್ ಫೌಂಡ್' ಅಂತ ಶೆಲ್ ಹೇಳುತ್ತದೆ, ಆದರೆ ಎರರ್ ದಾರಿಯಲ್ಲಿ, ಅದು ನಿಮ್ಮ ಫೈಲಿಗೆ ತಿರುಗಿಲ್ಲ. ಕ್ರಾನ್ ಅದನ್ನು ಮೇಲ್ ಮಾಡಲು ಹೋಗುತ್ತದೆ. ಪೈನಲ್ಲಿ ಮೇಲ್ ಸರ್ವರ್ ಇಲ್ಲದಿದ್ದರೆ ಬಿಸಾಡುತ್ತದೆ. ಹಿನ್ನೆಲೆಗೆ ಕಳಿಸಿದ್ದರಿಂದ ಕಮಾಂಡ್ ಸಿಗಲಿಲ್ಲ ಅನ್ನುವ 127 ಕೋಡ್ ಕೂಡ ಕಾಣುವುದಿಲ್ಲ, ಸೊನ್ನೆ ಬರುತ್ತದೆ.

ಪೂರ್ತಿ ದಾರಿ ಕೊಟ್ಟು, ಕೊನೆಗೆ >> ಮಳೆ.ಲಾಗ್ 2>&1 ಹಾಕಿ. ಕೊನೆಯದು ಎರರನ್ನೂ ಅದೇ ಫೈಲಿಗೆ ಕಳಿಸುತ್ತದೆ. ಎರಡು ಬಾಣ ಅಂದರೆ ಹಳೆಯದರ ಕೆಳಗೆ ಸೇರಿಸು ಅಂತ. ಅದು ಬೇಕು, ಯಾಕೆಂದರೆ ಬ್ಯಾಶ್ ಆಗಲಿ ಡ್ಯಾಶ್ ಆಗಲಿ, ಮೊದಲು ಫೈಲ್ ತೆರೆದು ಆಮೇಲೆ ಕಮಾಂಡ್ ಹುಡುಕುತ್ತದೆ. ಒಂದೇ ಬಾಣ ಇದ್ದರೆ, ಹೆಸರಲ್ಲಿ ಒಂದಕ್ಷರ ತಪ್ಪಿದರೂ ಹಳೆ ಲೆಕ್ಕ ಅಳಿಸಿಹೋಗುತ್ತದೆ.

ಟರ್ಮಿನಲ್‌ಪುಟ್ಟ (ವಿರಾಜಪೇಟೆ):
2>&1 ಮೊದಲು ಬರಬೇಕು.

ಕರಿಮೆಣಸು:
ಇಲ್ಲ. ಶೆಲ್ ಎಡದಿಂದ ಬಲಕ್ಕೆ ಓದುತ್ತದೆ. ಮೊದಲು ಬರೆದರೆ ಎರರ್ ಹಳೆ ಜಾಗಕ್ಕೇ ಹೋಗುತ್ತದೆ, ಫೈಲಿಗೆ ಬರುವುದಿಲ್ಲ.

ಟರ್ಮಿನಲ್‌ಪುಟ್ಟ:
ನಾನು ಫಿಶ್ ಶೆಲ್ ಬಳಸುತ್ತೇನೆ, ಇಂಥ ರಗಳೆಯೇ ಇಲ್ಲ. ಬಣ್ಣ ಬಣ್ಣದ ಪ್ರಾಂಪ್ಟ್, ತಪ್ಪು ಕಮಾಂಡ್ ಟೈಪ್ ಮಾಡುವಾಗಲೇ ಕೆಂಪಾಗುತ್ತದೆ.

ಕರಿಮೆಣಸು:
ಕ್ರಾನ್‌ಗೆ ಕಣ್ಣಿಲ್ಲ ಮಾರಾಯ್ರೇ.

ಮಳೆಲೆಕ್ಕ:
ಬಂತು! 86.4 ಮಿಮೀ. ಆದರೂ ಬಾಯಿ ಬಿಡದೆ ಫೈಲ್ ಒರೆಸುವುದು ಯಾವ ಸೀಮೆ ಶೆಲ್?

ಸಿಲ್ವರ್‌ಓಕ್:
ತೋಟದಲ್ಲಿ ಮಿಮೀ ಯಾಕೆ? 3 ಇಂಚು 40 ಸೆಂಟ್ (ಇಂಚಿನ ನೂರನೇ ಭಾಗ) ಅನ್ನಿ. ನಮ್ಮಲ್ಲಿ ನಿನ್ನೆ 5 ಇಂಚು ದಾಟಿದೆ.

ಟರ್ಮಿನಲ್‌ಪುಟ್ಟ:
ಮಾಪಕ ಟಿಪ್ಪಿಂಗ್ ಬಕೆಟ್ಟಾ (ತುಂಬಿದಾಗಲೆಲ್ಲ ಮಗುಚುವ ಪುಟ್ಟ ಬಟ್ಟಲಿನದು)? ಒಂದು ಟಿಪ್ಪಿಗೆ 0.2 ಮಿಮೀಯಾ? ಎಲ್ಲಿ ಸಿಕ್ಕಿತು?