‘ಐಕಾನ್’ಗೆ ಯಾವ ಪದ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು

ಮೈಸೂರಿನಿಂದ:
ಎಲ್ಲರಿಗೂ ನಮಸ್ಕಾರ. ಹಳ್ಳಿ ಲೈಬ್ರರಿಗಳ ಮೊಬೈಲ್ ಆ್ಯಪ್‌ಗೆ ಚಿತ್ರ ಬರೆಯುವವರಿಗಾಗಿ ಒಂದು ಸಣ್ಣ ಕೈಪಿಡಿ ಅನುವಾದಿಸುತ್ತಿದ್ದೇನೆ. ತಲೆಬರಹದಲ್ಲೇ ನಿಂತುಬಿಟ್ಟಿದ್ದೇನೆ. ಫೋನಿನಲ್ಲಿ ಒತ್ತುವ ಸಣ್ಣ ಚಿತ್ರ ಇದೆಯಲ್ಲ, ಆ ‘ಐಕಾನ್’ಗೆ ‘ಚಿಹ್ನೆ’ ಅಂತ ಬರೆದುಕೊಂಡು ಹೋದೆ. ಆಮೇಲೆ ‘ಸಿಂಬಲ್’ ಬಂತು, ಅದಕ್ಕೂ ಚಿಹ್ನೆಯೇ ಆಯಿತು. ಎರಡೂ ಒಂದೇ ಸಾಲಿನಲ್ಲಿ ಬಂದ ಕಡೆ ಅರ್ಥ ಕೆಡುತ್ತಿದೆ. ವಾಕ್ಯ ಹೀಗಿದೆ: “24 ಪಿಕ್ಸೆಲ್ ಚೌಕದಲ್ಲಿ ಬರೆದ ____ ಒಂದೇ ನೋಟಕ್ಕೆ ತಿಳಿಯಬೇಕು, ಗೆರೆ ಎಲ್ಲ ಕಡೆ 2 ಪಿಕ್ಸೆಲ್ ದಪ್ಪ ಇರಲಿ.” (ಪಿಕ್ಸೆಲ್ ಅಂದರೆ ಪರದೆಯ ಒಂದು ಸಣ್ಣ ಚುಕ್ಕಿ.) ಖಾಲಿ ಜಾಗ ತುಂಬಿಕೊಡಿ.

ಸಾಗರದಿಂದ:
ಕುರುಹು. ಬೇರೆ ಹುಡುಕಬೇಕಿಲ್ಲ. ಹಳಗನ್ನಡದಲ್ಲಿ ಕುಱುಹು. ತಮಿಳಿನ ‘ಕುಱಿ’ ಇದರ ಒಡಹುಟ್ಟು. ವಚನಗಳಲ್ಲಿ ಮತ್ತೆ ಮತ್ತೆ ಬರುವ ಪದ. ‘ಚಿಹ್ನೆ’ ಸಂಸ್ಕೃತದ್ದು, ಅದರ ‘ಹ್ನ’ ನಮ್ಮ ನಾಲಗೆಗೆ ಹೊರಳುವುದಿಲ್ಲ. ಬೋರ್ಡುಗಳ ಮೇಲೆ ‘ಚಿನ್ಹೆ’ ಅಂತ ಬರೆದಿರುವುದನ್ನು ಎಷ್ಟು ಸಲ ನೋಡಿಲ್ಲ? ತಪ್ಪು ಬರೆದವರದ್ದಲ್ಲ, ಆ ಪದವನ್ನು ಹೇರಿದವರದ್ದು.

ಬೆಂಗಳೂರಿನಿಂದ:
ಐಕಾನ್ ಅಂತಲೇ ಬರೆಯಿರಿ ಮೇಡಂ. ‘ಆ ಐಕಾನ್ ಒತ್ತು’ ಅಂತ ಮಕ್ಕಳೂ ಹೇಳುತ್ತಾರೆ. ಕುರುಹು ಅಂದರೆ ಇವತ್ತಿನ ಕನ್ನಡದಲ್ಲಿ ಅಳಿದುಹೋದದ್ದರ ಉಳಿಕೆ. ‘ಇಲ್ಲಿ ಕೆರೆ ಇದ್ದ ಕುರುಹೂ ಇಲ್ಲ’ ಅನ್ನುತ್ತೇವೆ, ಅಲ್ವಾ? ಒತ್ತುವ ಚಿತ್ರಕ್ಕೆ ಅದು ಹೊಂದುವುದಿಲ್ಲ. ಇಷ್ಟೇ.

ಸಾಗರದಿಂದ:
ಇಷ್ಟೇ ಅಲ್ಲ. ಬಳಸದೆ ಬಿಟ್ಟರೆ ಯಾವ ಪದದ ಅರ್ಥವಾದರೂ ಸೊರಗುತ್ತದೆ. ಹೊಸ ವಸ್ತು ಬಂದಾಗಲೆಲ್ಲ ಹೊರಗಿನ ಪದ ತಂದರೆ ನಮ್ಮ ಪದಗಳಿಗೆ ಕೆಲಸ ಕೊಡುವವರು ಯಾರು?

ಬೆಂಗಳೂರಿನಿಂದ:
ಕುರ್ಚಿ, ಅರ್ಜಿ, ಸಾಬೂನು ಎಲ್ಲ ಹೊರಗಿನವೇ. ಅವುಗಳಿಂದ ಕನ್ನಡ ಬಡವಾಯಿತೇ? ಬಸ್ಸು, ಬ್ಯಾಂಕು ಅಂತ ಉಕಾರ ಹಚ್ಚಿ ನಮ್ಮದು ಮಾಡಿಕೊಂಡೆವು. ಐಕಾನೂ ಹಾಗೇ ಬರುತ್ತದೆ.

ಮೈಸೂರಿನಿಂದ:
ದಯವಿಟ್ಟು ಎರವಲಿನ ಮಾತು ಇನ್ನೊಂದು ದಿನಕ್ಕಿರಲಿ. ಹೋದ ವಾರ ನಡೆದದ್ದು ಹೇಳುತ್ತೇನೆ. ಹುಡುಕುವುದಕ್ಕೆ ಭೂತಗನ್ನಡಿ ಬರೆದಿದ್ದೆವು. ಲೈಬ್ರರಿಗೆ ಬಂದ ಒಬ್ಬ ಅಜ್ಜಿಗೆ ತೋರಿಸಿದೆ. “ತವಾ ಅಲ್ವೇನಮ್ಮ?” ಅಂದರು. ದುಂಡಗೆ ಇದೆ, ಹಿಡಿ ಇದೆ, ಹೌದು, ತವಾನೇ. ಅದೇ ಅಜ್ಜಿ ತೆರೆದ ಪುಸ್ತಕದ ಚಿತ್ರ ಕಂಡ ಕೂಡಲೇ “ಓದೋದು” ಅಂದರು. ನನಗೆ ಬೇಕಾದ ಪದದಲ್ಲಿ ಈ ಗುಣ ಇರಬೇಕು. ಯಾರೂ ಹೇಳಿಕೊಡದೆ ಕಣ್ಣಿಗೆ ಸಿಗುವುದು.

ಧಾರವಾಡದಿಂದ:
ಪದ ನೀವೇ ಹೇಳಿಬಿಟ್ಟಿರಿ ತಂಗಿ. ಆ ಅಜ್ಜಿಗೆ ಪುಸ್ತಕದ *ಗುರುತು ಸಿಕ್ಕಿತು*, ಭೂತಗನ್ನಡಿಯದು ಸಿಗಲಿಲ್ಲ. ಗುರುತು ಅನ್ನಿ. 1951–52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಒಂದು ಚಿತ್ರ. ಜೋಡೆತ್ತು, ಗುಡಿಸಲು, ಹೀಗೆ. ಆಗ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 18 ಜನ. ಉಳಿದವರು ಚಿತ್ರ ನೋಡಿಯೇ ಓಟು ಹಾಕಿದರು. ಇವತ್ತಿಗೂ ‘ಅವರ ಗುರುತು ಯಾವುದು?’ ಅಂತಲೇ ಕೇಳುತ್ತೇವೆ. ಐಕಾನ್‌ಗೆ ಬೇಕಾದದ್ದೆಲ್ಲ ಅಲ್ಲಿತ್ತು. ಒಂದು ಗುರುತಿಗೆ ಒಂದೇ ವಸ್ತು, ಅದೂ ಚೆನ್ನಾಗಿ ಕಾಣುವ ಮಗ್ಗುಲಿನಿಂದ. ಸೈಕಲ್ ಪಕ್ಕದಿಂದ ಬರೆದರೆ ಸೈಕಲ್, ಎದುರಿನಿಂದ ಬರೆದರೆ ಬರೀ ಒಂದು ಗೆರೆ.

ಇನ್ನು ‘ಚಿಹ್ನೆ’ಯನ್ನು ಸಿಂಬಲ್‌ಗೆ ಬಿಡಿ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಉಳಿಸುವುದಕ್ಕೆ (ಸೇವ್) ಫ್ಲಾಪಿಯ, ಅಂದರೆ ಹಿಂದೆ ಕಡತ ತುಂಬಿಡುತ್ತಿದ್ದ ಚಪ್ಪಟೆ ಡಿಸ್ಕಿನ, ಚಿತ್ರ ಇರುತ್ತದಲ್ಲ, ಫ್ಲಾಪಿಯನ್ನೇ ನೋಡದ ಹುಡುಗರೂ ಅದನ್ನು ಒತ್ತುತ್ತಾರೆ. ವಸ್ತು ಹೋಗಿದೆ, ರೂಢಿ ಉಳಿದಿದೆ. ಗುರುತಾಗಿ ಹುಟ್ಟಿ ಚಿಹ್ನೆಯಾಗಿ ನಿಂತದ್ದು ಅದು.

ಬೆಂಗಳೂರಿನಿಂದ:
‘ಗುರುತಿನ ಚೀಟಿ’ಯ ಗುರುತು ಬೇರೆ. ಗೊಂದಲ ಖಂಡಿತ.

ಧಾರವಾಡದಿಂದ:
ಏನೂ ಆಗುವುದಿಲ್ಲ. ಮತಗಟ್ಟೆಗೆ ಗುರುತಿನ ಚೀಟಿ ಹಿಡಿದುಕೊಂಡು ಹೋಗಿ ಗುರುತು ನೋಡಿ ಓಟು ಹಾಕುತ್ತೇವೆ. ಯಾರಾದರೂ ಗೊಂದಲ ಪಟ್ಟದ್ದು ನೋಡಿದ್ದೀರಾ?

ಸಾಗರದಿಂದ:
ಗುರುತು ಕುರುಹಿನ ಬಳಗದ್ದೇ. ತಕರಾರಿಲ್ಲ. ಆದರೆ ‘ಚಿತ್ರಸಂಕೇತ’, ‘ಪ್ರತಿಮಿಕೆ’ ತರಹದ್ದನ್ನು ಯಾರೂ ತರಬೇಡಿ.

ಮೈಸೂರಿನಿಂದ:
ಸಿಕ್ಕಿತು, ತುಂಬಾ ಥ್ಯಾಂಕ್ಸ್. ಐಕಾನ್ ಗುರುತು, ಸಿಂಬಲ್ ಚಿಹ್ನೆ. ಮೊದಲ ಪುಟದಲ್ಲಿ ಮಾತ್ರ ‘ಗುರುತು ಅಂದರೆ ಫೋನಿನಲ್ಲಿ ನಾವು ಐಕಾನ್ ಅನ್ನುವುದು’ ಅಂತ ಒಂದು ಸಾಲು ಇರುತ್ತದೆ. ಭೂತಗನ್ನಡಿಯ ಕೆಳಗೆ ‘ಹುಡುಕಿ’ ಅಂತ ಅಕ್ಷರವನ್ನೂ ಹಾಕಿಸಿದ್ದೇನೆ. ಇನ್ನೊಂದು ಉಳಿದಿದೆ. ಬರೀ ಹೊರಗೆರೆಯಲ್ಲಿ ಬರೆದದ್ದಕ್ಕೆ ‘ಗೆರೆಗುರುತು’, ಒಳಗೆ ಬಣ್ಣ ತುಂಬಿದ್ದಕ್ಕೆ ‘ತುಂಬುಗುರುತು’ ಅಂತ ಇಟ್ಟಿದ್ದೇನೆ. ನಡೆಯುತ್ತದಾ? ಬೆಳಿಗ್ಗೆ 10ರೊಳಗೆ ಹೇಳಿ.

ಧಾರವಾಡದಿಂದ:
ಗೆರೆಗುರುತು ಚಲೋ ಇದೆ. ಎರಡನೆಯದಕ್ಕೆ ‘ತುಂಬಿದ ಗುರುತು’ ಸಾಕು, ಸುಮ್ನೆ ಜೋಡಿಸಬೇಡಿ.