‘ದೇರ್‌ಫೋರ್’ ಹುಡುಕಿದರೂ ಮುಖ್ಯ ತೀರ್ಮಾನ ತಪ್ಪುತ್ತಿದೆ, ಏನು ಮಾಡಲಿ?

ಕೇಳಿದವರು: ಕಾನೂನು ಕಾಲೇಜು ಸೇರುವ ಪ್ರವೇಶ ಪರೀಕ್ಷೆ ಕ್ಲಾಟ್‌ಗೆ ಓದುತ್ತಿದ್ದೇನೆ. ಲಾಜಿಕಲ್ ರೀಸನಿಂಗ್‌ನಲ್ಲಿ ‘ಮೇನ್ ಕನ್‌ಕ್ಲೂಷನ್ ಯಾವುದು’ ಅಂತ ಬಂದಾಗಲೆಲ್ಲ ಎರಡು ಆಪ್ಷನ್ ಮಧ್ಯೆ ಒದ್ದಾಟ. ‘ದೇರ್‌ಫೋರ್’, ‘ದಸ್’ ಇರುವ ವಾಕ್ಯಕ್ಕೆ ಗೆರೆ ಎಳೆದು ಅದನ್ನೇ ಆರಿಸುತ್ತೇನೆ, ಅರ್ಧಕ್ಕರ್ಧ ತಪ್ಪು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಗೊತ್ತಿರುವವರು ದಾರಿ ಹೇಳಿ.

ಕ್ಲಾಟ್ ಪಾಠ ಮಾಡುವವರು: ‘ದೇರ್‌ಫೋರ್’ ಹೇಳುವುದು ಇಷ್ಟೇ: ಈ ಮಾತು ಹಿಂದಿನ ಮಾತಿನಿಂದ ಹೊರಟಿತು. ಇದರಿಂದ ಮತ್ತೊಂದು ಮಾತು ಹೊರಟಿದೆಯೇ ಅನ್ನುವುದನ್ನು ಅದು ಹೇಳುವುದಿಲ್ಲ. ನೀವು ಜಾರುತ್ತಿರುವುದು ಅಲ್ಲೇ. ಈ ವಾದ ನೋಡಿ:

“ಮಳೆ ಕಡಿಮೆಯಾಗಿದ್ದರಿಂದಲೇ ಕೆರೆ ಬತ್ತಿತು ಎಂದು ಊರಿನ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಹತ್ತು ವರ್ಷದ ಮಳೆ ಲೆಕ್ಕದಲ್ಲಿ ಇಳಿಕೆಯೇ ಇಲ್ಲ. ಕೆರೆಗೆ ನೀರು ತರುವ ರಾಜಕಾಲುವೆಗಳ ಮೇಲೆ ಮನೆಗಳು ಎದ್ದಿವೆ. ಆದ್ದರಿಂದ ಬಿದ್ದ ಮಳೆ ಕೆರೆಗೆ ಸೇರುತ್ತಿಲ್ಲ.”

ಪ್ರತಿ ವಾಕ್ಯಕ್ಕೂ ‘ಯಾಕೆ ಹಾಗಂತೀರಿ?’ ಅಂತ ಕೇಳಿ. ಮಳೆ ಲೆಕ್ಕಕ್ಕೆ ಒಳಗೆ ಉತ್ತರವಿಲ್ಲ, ಅದು ಬರೀ ಆಧಾರ. ಕಾಲುವೆ ಮೇಲಿನ ಮನೆಗಳದ್ದೂ ಅಷ್ಟೆ. ‘ಮಳೆ ಕೆರೆಗೆ ಸೇರುತ್ತಿಲ್ಲ’ ಅನ್ನುವುದಕ್ಕೆ ಉತ್ತರ ಇದೆ, ಆದರೆ ಆ ಮಾತೇ ‘ಅದು ಸರಿಯಲ್ಲ’ ಅನ್ನುವುದಕ್ಕೆ ಒತ್ತುಕೊಡುತ್ತಿದೆ. ಹಾಗಾಗಿ ಅದು ನಡುವಿನ ತೀರ್ಮಾನ. ಎಲ್ಲರ ಬೆಂಬಲ ಪಡೆದು ತಾನು ಯಾರಿಗೂ ಬೆಂಬಲ ಕೊಡದೆ ಕೂತಿರುವುದು ಎರಡೇ ಪದದ ‘ಅದು ಸರಿಯಲ್ಲ’. ಮುಖ್ಯ ತೀರ್ಮಾನ ಅದು. ‘ಅದು’ ಅಂದರೆ ಯಾವುದು ಅಂತ ಬಿಡಿಸಿ, ಪೂರ್ತಿ ವಾಕ್ಯ ಮಾಡಿಕೊಂಡ ಮೇಲೆ ಆಪ್ಷನ್‌ ಕಡೆ ಹೋಗಿ: ‘ಕೆರೆ ಬತ್ತಿದ್ದಕ್ಕೆ ಮಳೆ ಕಡಿಮೆಯಾದದ್ದು ಕಾರಣವಲ್ಲ.’

‘ಕೆಲವರು ಹೇಳುತ್ತಾರೆ’ ಅಂತ ಶುರುವಾಗಿ ‘ಬಟ್’, ‘ಯೆಟ್’, ‘ಹೌಎವರ್’ ಬಂದರೆ ಅದರ ಬೆನ್ನಿಗೇ ತೀರ್ಮಾನ ಇರುವುದು ಬಹಳ ಸಾಮಾನ್ಯ.

ಎಲ್‌ಸ್ಯಾಟ್ (ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ) ಪ್ರಶ್ನೆ ಬಿಡಿಸಿ ಪಳಗಿದವರು: ಅದೇ ಕೆರೆಗೆ ತಪ್ಪು ಆಪ್ಷನ್‌ ಹೇಗೆ ಹೆಣೆಯುತ್ತಾರೆ ಅಂತ ನೋಡಿ, ಎಲ್ಲ ಕಡೆ ಇವೇ ವೇಷ. ‘ಬಿದ್ದ ಮಳೆ ಕೆರೆಗೆ ಸೇರುತ್ತಿಲ್ಲ’: ವಾದದಲ್ಲಿ ಇದ್ದದ್ದೇ, ನಿಜವೂ ಹೌದು, ಆದರೆ ನಡುವಿನದು. ‘ಕಾಲುವೆ ಮೇಲಿನ ಮನೆ ತೆರವು ಮಾಡಬೇಕು’: ಓದಿದವರಿಗೆ ಅನಿಸುವುದು, ವಾದಿ ಹೇಳಿಲ್ಲ. ‘ಕೆರೆಯ ನೀರಿಗೂ ಮಳೆಗೂ ಸಂಬಂಧವಿಲ್ಲ’: ಹೇಳಿದ್ದಕ್ಕಿಂತ ದೊಡ್ಡ ಮಾತು. ನನ್ನ ಪ್ರಕಾರ ಅತಿ ಹೆಚ್ಚು ಜನ ಬೀಳುವುದು ಎರಡನೆಯದಕ್ಕೆ, ಯಾಕೆಂದರೆ ಅದು ನ್ಯಾಯವಾಗಿ ಕೇಳಿಸುತ್ತದೆ.

ಪ್ರಶ್ನೆಯ ಸಾಲನ್ನೂ ಎಚ್ಚರದಿಂದ ಓದಿ. ‘ಮೇನ್ ಕನ್‌ಕ್ಲೂಷನ್’ ಕೇಳಿದರೆ ಉತ್ತರ ವಾದದ ಒಳಗೇ ಇದೆ, ಬೇರೆ ಪದಗಳಲ್ಲಿ ಬಂದಿರುತ್ತದೆ ಅಷ್ಟೆ. ‘ಇನ್ಫರ್’ ಅಂತ ಕೇಳಿದರೆ ಒಳಗೆ ಹೇಳದೇ ಇರುವ, ಆದರೆ ಹೇಳಿದ್ದರಿಂದ ಹೊರಡುವ ಮಾತು ಬೇಕು. ಎರಡನ್ನೂ ಒಂದೇ ಅಂದುಕೊಂಡರೆ ಸರಿ ಉತ್ತರವನ್ನು ‘ಇದು ಆಗಲೇ ಹೇಳಿಯಾಗಿದೆ’ ಅಂತ ಹೊಡೆದುಹಾಕುತ್ತೀರಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು: ಇನ್ನೊಂದು ಕಾರಣ ಭಾಷೆಯದ್ದೇ. ಕನ್ನಡದಲ್ಲಿ ಕಾರಣ ಮೊದಲು, ಮುಖ್ಯ ಮಾತು ಕೊನೆಗೆ: ‘ಬಸ್ಸು ತಪ್ಪಿದ್ದರಿಂದ ತಡವಾಯಿತು.’ ಇಂಗ್ಲಿಷಿನಲ್ಲಿ ತೀರ್ಮಾನ ಮೊದಲೇ ಹೇಳಿ ‘ಬಿಕಾಸ್’ ಅಂತ ಕಾರಣ ಜೋಡಿಸುವುದು ಮಾಮೂಲು. ನಮ್ಮ ಕಣ್ಣು ಅಭ್ಯಾಸದಿಂದ ಕೊನೇ ವಾಕ್ಯಕ್ಕೆ ಓಡುತ್ತದೆ. (ತೀರ್ಮಾನ ಮೊದಲು ಹೇಳುವುದು ನಮ್ಮವರಿಗೆ ಹೊಸದೂ ಅಲ್ಲ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದಲ್ಲಿ ವಾದಕ್ಕೆ ಐದು ಅವಯವ, ಅಂದರೆ ಭಾಗ. ಮೊದಲನೆಯದೇ ಪ್ರತಿಜ್ಞೆ, ಸಾಧಿಸಬೇಕಾದ ಮಾತು: ‘ಬೆಟ್ಟದಲ್ಲಿ ಬೆಂಕಿಯಿದೆ’. ‘ಹೊಗೆ ಇರುವುದರಿಂದ’ ಅನ್ನುವ ಕಾರಣ ಆಮೇಲೆ.)

ಮೂರು ಪದ ಗಮನಿಸಿ. ‘ಫಾರ್’ ಮುಂದೆ ಕರ್ತೃ, ಕ್ರಿಯಾಪದ ಎರಡೂ ಇರುವ ಪೂರ್ತಿ ವಾಕ್ಯ ಬಂದರೆ ಅದು ‘ಏಕೆಂದರೆ’. ಅದರ ಹಿಂದಿನದು ತೀರ್ಮಾನ. ‘ಸಿನ್ಸ್’ ಮುಂದೆ ಇಸವಿ ಇದ್ದರೆ ಅದು ಕಾಲ, ಕಾರಣ ಅಲ್ಲ. ‘ಆಫ್ಟರ್ ಆಲ್’ ಬಂದರೆ ಮುಂದೆ ಇರುವುದು ಆಧಾರ. ತೀರ್ಮಾನಕ್ಕೆ ಅದರ ಹಿಂದಿನ ವಾಕ್ಯ ನೋಡಿ.

ಅಣಕು ಪರೀಕ್ಷೆ ಮೌಲ್ಯಮಾಪನ ಮಾಡುವವರು: ಸಮಯದ ಲೆಕ್ಕ. ಕ್ಲಾಟ್‌ನಲ್ಲಿ ಈಗ 120 ಪ್ರಶ್ನೆ, 120 ನಿಮಿಷ, ತಪ್ಪಿಗೆ 0.25 ಕಡಿತ, ಲಾಜಿಕಲ್ ಭಾಗ 22ರಿಂದ 26 ಪ್ರಶ್ನೆ. ಸುಮಾರು 450 ಪದಗಳ ಗದ್ಯ, ಅದಕ್ಕೆ ಐದಾರು ಪ್ರಶ್ನೆ. ಅಂದರೆ ಒಂದು ಗದ್ಯಕ್ಕೆ ಐದಾರು ನಿಮಿಷ, ಅದರಲ್ಲಿ ಓದಿಗೆ ಎರಡೂವರೆ. ಐದು ಸಾಲಿನ ವಾದದ ಹಾಗೆ ಪ್ರತಿ ವಾಕ್ಯಕ್ಕೆ ‘ಯಾಕೆ’ ಕೇಳುತ್ತಾ ಕೂತರೆ ಮುಗಿಯುವುದಿಲ್ಲ, ಪ್ಯಾರಾಗೊಮ್ಮೆ ಕೇಳಿ. ಪಕ್ಕದಲ್ಲಿ ಮೂರು ಅಕ್ಷರ ಸಾಕು: ‘ಹಿ’ ಹಿನ್ನೆಲೆ, ‘ಆ’ ಆಧಾರ, ‘ತೀ’ ತೀರ್ಮಾನ.

ಅಭ್ಯಾಸಕ್ಕೆ ಎಲ್‌ಸ್ಯಾಟ್‌ನ ಹಳೆಯ ಪ್ರಶ್ನೆಗಳು ಒಳ್ಳೆಯವು, ವಾದ ಚಿಕ್ಕದು. ಆದರೆ ಅಲ್ಲಿ ಐದು ಆಪ್ಷನ್, ಕ್ಲಾಟ್‌ನಲ್ಲಿ ನಾಲ್ಕು. 2024ರ ಆಗಸ್ಟ್‌ನಿಂದ ಎಲ್‌ಸ್ಯಾಟ್‌ನಲ್ಲಿ ಲಾಜಿಕ್ ಗೇಮ್ಸ್ (ಷರತ್ತು ಕೊಟ್ಟು ಕ್ರಮ, ಗುಂಪು ಜೋಡಿಸಲು ಹೇಳುವ ಒಗಟುಗಳು) ಇಲ್ಲ. ಹಳೆ ಪತ್ರಿಕೆ ತೆಗೆದರೆ ಆ ಭಾಗ ಬಿಟ್ಟುಬಿಡಿ. ದಿನಕ್ಕೆ ಹತ್ತು ವಾದ ತೆಗೆದು, ಆಪ್ಷನ್ ಮುಚ್ಚಿಟ್ಟು, ತೀರ್ಮಾನವನ್ನು ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಬರೆಯಲು ಆಗದಿದ್ದರೆ ವಾದ ಅರ್ಥವಾಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಎರಡರ ಮಧ್ಯೆ ಸಿಕ್ಕಿಕೊಂಡರೆ ನಡುವೆ ‘ಆದ್ದರಿಂದ’ ಇಟ್ಟು ಎರಡೂ ದಿಕ್ಕಿನಲ್ಲಿ ಓದಿ. ಯಾವ ದಿಕ್ಕಿನಲ್ಲಿ ಕೂರುತ್ತದೋ ಅದರಲ್ಲಿ ಕೊನೆಗೆ ಬಂದದ್ದು ಉತ್ತರ.

ಕೇಳಿದವರು: ಕೆರೆಗೆ ಹಾಕಿ ನೋಡಿದೆ ಸರ್. ‘ಮಳೆ ಕೊರತೆ ಕಾರಣವಲ್ಲ, ಆದ್ದರಿಂದ ಮಳೆ ಕೆರೆಗೆ ಸೇರುತ್ತಿಲ್ಲ’ ಅಂದರೂ ಕೂರುತ್ತದಲ್ಲ?

ಕ್ಲಾಟ್ ಪಾಠ ಮಾಡುವವರು: ಕೂತ ಹಾಗೆ ಕಾಣುತ್ತದೆ. ಮಳೆ ಕಾರಣವಲ್ಲ ಅಂದಮೇಲೆ ಏರಿ ಒಡೆದಿರಬಹುದು, ತೂಬು ಸೋರುತ್ತಿರಬಹುದು. ಅದೊಂದೇ ಮಾತಿನಿಂದ ಕಾಲುವೆಗೆ ಹೋಗಲಾಗದು. ವಾದದಲ್ಲಿ ಕೊನೇ ಸಾಲಿಗೆ ಆಧಾರ ಕೊಟ್ಟಿರುವುದು ನಾಲ್ಕನೇ ಸಾಲು, ಎರಡನೆಯದಲ್ಲ. ‘ಆದ್ದರಿಂದ’ ಇಟ್ಟಾಗ ನೀವೇ ಏನಾದರೂ ಸೇರಿಸಿಕೊಳ್ಳಬೇಕಾಯಿತು ಅಂದರೆ ಆ ದಿಕ್ಕು ಬಿಡಿ.