ಅಪ್‌ಡೇಟ್: ತಾಯಿಯನ್ನು ಉಳಿಸಲು ಹೊರಟ ಹುಡುಗನ ಕಾದಂಬರಿ ಸಿಕ್ಕಿತು

ಸಾವಿನಂಚಿನಲ್ಲಿರುವ ತಾಯಿಯನ್ನು ಬದುಕಿಸಲು ಹುಡುಗನೊಬ್ಬ ಎರಡು ಲೋಕಗಳ ನಡುವೆ ಅಲೆಯುವ, ದಾರಿಯಲ್ಲಿ ತೋಳಮನುಷ್ಯನೊಬ್ಬನ ಸ್ನೇಹ ಗಳಿಸುವ ಇಂಗ್ಲಿಷ್ ಕಾದಂಬರಿ ಯಾವುದೆಂದು ಕಳೆದ ವಾರ ಕೇಳಿದ್ದೆ. ಅದು ಸ್ಟೀಫನ್ ಕಿಂಗ್ ಮತ್ತು ಪೀಟರ್ ಸ್ಟ್ರಾಬ್ ಸೇರಿ ಬರೆದ, 1984ರಲ್ಲಿ ಪ್ರಕಟವಾದ ‘ದ ಟ್ಯಾಲಿಸ್‌ಮನ್’. ತೋಳಮನುಷ್ಯನ ಸುಳಿವಿನಿಂದಲೇ ಹೆಸರನ್ನು ಗುರುತಿಸಿದವರಿಗೆ ಮನಃಪೂರ್ವಕ ಕೃತಜ್ಞತೆಗಳು. ಹನ್ನೆರಡು ವರ್ಷದ ಜ್ಯಾಕ್ ಸಾಯರ್ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮದ ಕ್ಯಾಲಿಫೋರ್ನಿಯಾದವರೆಗೆ ಸಾಗುತ್ತಾನೆ. ನಮ್ಮ ಲೋಕದಲ್ಲಿ ಕ್ಯಾನ್ಸರ್‌ನಿಂದ ನರಳುತ್ತಿರುವ ಅವನ ತಾಯಿಯ ಪ್ರತಿರೂಪವಾದ ರಾಣಿ ಇನ್ನೊಂದು ಲೋಕದಲ್ಲಿಯೂ ಸಾಯುತ್ತ ಮಲಗಿದ್ದಾಳೆ. ಹಿಂಸೆಯ ದೃಶ್ಯಗಳು ಸಾಕಷ್ಟಿರುವುದರಿಂದ ಚಿಕ್ಕ ಮಕ್ಕಳಿಗೆ ಇದನ್ನು ಕೊಡಬಾರದೆಂಬುದು ನನ್ನ ಅಭಿಪ್ರಾಯ.

ಉತ್ತರವಾಗಿ ಬಂದ ಬೇರೆ ಸಲಹೆಗಳಲ್ಲಿ ಪ್ಯಾಟ್ರಿಕ್ ನೆಸ್ ಅವರ ‘ಎ ಮಾನ್‌ಸ್ಟರ್ ಕಾಲ್ಸ್’ (2011) ಹೊಂದಲಿಲ್ಲ. ಅದರಲ್ಲಿ ಅಂಥ ಪ್ರಯಾಣವೇ ಇಲ್ಲ. ಸಿ. ಎಸ್. ಲೂಯಿಸ್ ಅವರ ‘ದ ಮೆಜಿಶಿಯನ್ಸ್ ನೆಫ್ಯೂ’ (1955) ಕೂಡ ನಾನು ಹುಡುಕುತ್ತಿದ್ದ ಪುಸ್ತಕವಲ್ಲ, ಆದರೆ ಆ ಸಲಹೆಯಿಂದ ದೊರೆತದ್ದು ಬಹಳ. ಅದರ ಕಥಾನಾಯಕನಾದ ಹುಡುಗ ಡಿಗರಿ ಬೇರೆ ಲೋಕದಿಂದ ತಂದ ಸೇಬಿನ ಸಿಪ್ಪೆ ಸುಲಿದು, ಹೋಳು ಮಾಡಿ, ಒಂದೊಂದಾಗಿ ತಾಯಿಗೆ ತಿನ್ನಿಸುವ ಭಾಗವನ್ನು ಮತ್ತೆ ಮತ್ತೆ ಓದಿದೆ. ಲೂಯಿಸ್ ಅವರಿಗೆ ಒಂಬತ್ತು ವರ್ಷವಾಗಿದ್ದಾಗ, 1908ರಲ್ಲಿ, ಅವರ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಕಥೆಯಲ್ಲಿ ಡಿಗರಿಯ ತಾಯಿ ಗುಣಮುಖಳಾಗುವುದು ನನ್ನನ್ನು ಅಲುಗಾಡಿಸಿತು.

ಜ್ಯಾಕ್‌ನ ಕಥೆ ಇಷ್ಟವಾದವರಿಗೆ ಇನ್ನೊಂದು ಮಾಹಿತಿ: ಅವನು ದೊಡ್ಡವನಾದ ಮೇಲಿನ ಕಥೆಯನ್ನು ಅದೇ ಲೇಖಕರು 2001ರಲ್ಲಿ ‘ಬ್ಲ್ಯಾಕ್ ಹೌಸ್’ ಎಂಬ ಹೆಸರಿನಲ್ಲಿ ಬರೆದಿದ್ದಾರೆ.